ಮೇಷ್ಟ್ರಿಗೆ ವೈಕುಂಠ

ಕೊಟ್ರೇಶನ ಎರಡನೆಯ ಹಲ್ಲು ಉದುರಿದಾಗ ಬೆಳಗಿನ ಎಂಟು ಗಂಟೆಯೂ ಆಗಿರಲಿಲ್ಲ.

ಮೂಡಲಪಾಳ್ಯದಲ್ಲಿ ಅವನ ಖಾನಾವಳಿಯ ಮುಂದೆ ಐವತ್ತು ಜನ ಸೇರಿದ್ದರು. ಒಬ್ಬ ರೊಟ್ಟಿ ಬಡಿಯುವ ಹಲಗೆಯನ್ನೇ ಎತ್ತಿ ತಂದು ಅವನ ಬೆನ್ನಿಗೆ ಬೀಸುತ್ತಿದ್ದ. ಇನ್ನೊಬ್ಬ ಕೂದಲು ಹಿಡಿದು ಮುಖವನ್ನು ಶಟರಿಗೆ ಗುದ್ದುತ್ತಿದ್ದ. ಹೊಡೆಯುವವರು ಏಳೆಂಟು ಜನ. ಉಳಿದವರೆಲ್ಲ ಫೋನ್ ಎತ್ತಿ ಹಿಡಿದು ನಿಂತಿದ್ದರು. ಹಿಂದಿನ ಸಾಲಿನಲ್ಲಿದ್ದವನು, "ಸ್ವಲ್ಪ ಈ ಕಡೆ ತಿರುಗಿಸು ಗುರು, ಮುಖ ಕಾಣ್ತಿಲ್ಲ" ಅಂತ ಕೇಳಿಕೊಳ್ಳುತ್ತಿದ್ದ.

ಸಬ್ ಇನ್‌ಸ್ಪೆಕ್ಟರ್ ಹೇಮಶ್ರೀ ಜೀಪಿನಿಂದ ಇಳಿದವಳೇ ಲಾಠಿ ಬೀಸಿದಳು. ಮೊದಲ ಏಟು ಹಲಗೆ ಹಿಡಿದವನ ಮೊಣಕೈಗೆ ಬಿತ್ತು. ಮೂಳೆಯ ಸದ್ದು ಕೇಳಿಸಿತು, ಹಲಗೆ ಕೆಳಗೆ ಬಿತ್ತು. ಎರಡನೆಯದು ಕೂದಲು ಹಿಡಿದವನ ಕಿವಿಯ ಹಿಂದೆ. ಅವನು ಹಾಗೇ ಚರಂಡಿಯ ಪಕ್ಕ ಕೂತುಬಿಟ್ಟ. ಜನ ಹಿಂದೆ ಸರಿದರು. ಫೋನ್ ಮಾತ್ರ ಯಾರೂ ಇಳಿಸಲಿಲ್ಲ.

ಅವಳ ಹಿಂದೆ ನಿಧಾನವಾಗಿ ಇಳಿದವರು ಹನುಮಯ್ಯ. ಎಪ್ಪತ್ತೊಂದು ವರ್ಷ. ಹೆಡ್ ಕಾನ್‌ಸ್ಟೇಬಲ್ ಆಗಿ ರಿಟೈರ್ ಆದವರು, ಓದಿದ್ದು ಏಳನೇ ಕ್ಲಾಸಿನವರೆಗೆ. ಹೇಮಶ್ರೀ ಹೊಸದಾಗಿ ಬಂದಾಗ ಅವಳಿಗೆ ಸ್ಟೇಷನ್ ಕೆಲಸ ಕಲಿಸಿದ್ದು ಇವರೇ. ಕೊಲೆಯಾದ ಪಂಚಾಕ್ಷರಿ ಮೇಷ್ಟ್ರ ಜೊತೆ ಹನ್ನೊಂದು ವರ್ಷ ಮಲ್ಲತ್ತಹಳ್ಳಿ ಕೆರೆಯ ಸುತ್ತ ನಡೆದವರೂ ಇವರೇ. ಹೋದ ಗುರುವಾರ ಮಾತ್ರ ಜ್ವರ ಅಂತ ಹೋಗಿರಲಿಲ್ಲ. ಅವತ್ತಿನಿಂದ ತಾವೇ ಕೇಳಿಕೊಂಡು ಹೇಮಶ್ರೀಯ ಜೊತೆ ಓಡಾಡುತ್ತಿದ್ದರು.

ಆ ಗುರುವಾರ ಬೆಳಗಿನ ಜಾವ ಯಾರೋ ಕೆರೆಗೆ ಒಂದು ಮೂಟೆ ಎಸೆದಿದ್ದರು. ಮೇಷ್ಟ್ರು ಅದನ್ನು ಫೋನಿನಲ್ಲಿ ವಿಡಿಯೋ ಹಿಡಿದು 'ನಮ್ಮ ಪಡುವಣ' ಅನ್ನುವ ಪೇಜಿಗೆ ಮೆಸೇಜಿನಲ್ಲಿ ಕಳಿಸಿದರು, ಅದು ಜನರ ಕಣ್ಣಿಗೆ ಬೀಳಲೇ ಇಲ್ಲ. ಅರ್ಧ ಗಂಟೆಯೊಳಗೆ ಏರಿಯ ಮೇಲೆ ಕಲ್ಲಿನಲ್ಲಿ ಅವರ ತಲೆ ಜಜ್ಜಿಹೋಗಿತ್ತು, ಫೋನ್ ಇರಲಿಲ್ಲ. ಮೂಟೆಯಲ್ಲಿ ಸಿಕ್ಕ ಹೆಣಕ್ಕೆ ಇನ್ನೂ ಹೆಸರಿಲ್ಲ. ಆ ಪೇಜನ್ನು ನೋಡಿಕೊಳ್ಳುತ್ತಿದ್ದ ಶಿವರಂಜನಿ ಎಂಬ ಇಪ್ಪತ್ತೇಳು ವರ್ಷದ ಹುಡುಗಿ ಅವತ್ತೇ ಹತ್ತು ಗಂಟೆಯ ಹೊತ್ತಿಗೆ ಕಾಣೆಯಾದಳು.

ಅವಳು ಬದುಕಿದ್ದಾಳೆ ಅನ್ನುವುದು ಪೊಲೀಸರಿಗೆ ಗೊತ್ತಿತ್ತು. ಎಷ್ಟು ಹೊತ್ತು ಬದುಕಿರುತ್ತಾಳೆ ಅನ್ನುವುದೂ ಗೊತ್ತಿತ್ತು. ಅವಳ ಆಫೀಸಿನಲ್ಲಿ ಚಿತ್ರ ಮಾಡುವ ಸ್ಮೃತಿ ಎಂಬ ಹುಡುಗಿ ಹಿಂದಿನ ಸಂಜೆ ಒಂದು ಮೇಲ್ ತೋರಿಸಿದ್ದಳು. ಶಿವರಂಜನಿಯ ಹೆಸರಿನಲ್ಲಿರುವ ಪೇಜಿನ ಒಡೆತನ ಬದಲಾಗುತ್ತಿದೆ, ಯಾರ ಹೆಸರಿಗೆ ಅಂತ ಅದರಲ್ಲಿಲ್ಲ. ಬದಲಾವಣೆ ಪೂರ್ತಿಯಾಗಲು ಏಳು ದಿನ ಬೇಕು. ಅಷ್ಟು ದಿನವೂ ಹಳೆಯ ಒಡತಿ ದಿನಕ್ಕೊಂದು ಸಲ ಫೋನಿಗೆ ಮುಖ ತೋರಿಸಿ ಒಪ್ಪಿಗೆ ಕೊಡಬೇಕು. ಏಳನೆಯ ದಿನ ದಾಟಿದ ಮೇಲೆ ಅವಳ ಮುಖ ಬೇಕಾಗಿಲ್ಲ.

ಏಳು ದಿನ ಮುಗಿಯುವುದು ಇವತ್ತು ಬೆಳಗ್ಗೆ ಹತ್ತು ಗಂಟೆಗೆ.

ಕೊಟ್ರೇಶನನ್ನು ಎತ್ತಿ ಜೀಪಿನಲ್ಲಿ ಕೂರಿಸಿದರು. ಅವನ ಅಂಗಿಯ ಮುಂಭಾಗವೆಲ್ಲ ರಕ್ತ. ಏಳು ಗಂಟೆಗೆ ಅದೇ ಪೇಜಿನಲ್ಲಿ ಅವನ ಫೋಟೊ ಬಂದಿತ್ತು. ಶಿವರಂಜನಿ ಎಲ್ಲಿ ಅಂತ ಇವನನ್ನು ಕೇಳಿ ಅಂತ ಅದರ ಕೆಳಗೆ ಬರೆದಿತ್ತು. ಒಂಬತ್ತು ಲಕ್ಷ ಜನ ನೋಡುವ ಪೇಜು. ಕೇಳಲು ಐವತ್ತು ಜನ ಬಂದಿದ್ದರು.

ಅವನ ಮೇಲೆ ಅನುಮಾನ ಪೊಲೀಸರಿಗೂ ಇತ್ತು. ಹೋದ ತಿಂಗಳು ಅವನ ಖಾನಾವಳಿಯ ಅಡಿಗೆಮನೆಯ ಕೊಳಕನ್ನು ಶಿವರಂಜನಿ ಪೇಜಿನಲ್ಲಿ ತೋರಿಸಿದ್ದಳು. ಅವನು ಅವಳ ಆಫೀಸಿಗೆ ಹೋಗಿ, ಕೈಕಾಲು ಮುರಿದು ಹಾಕ್ತೀನಿ ಅಂತ ನಾಲ್ಕು ಜನರ ಮುಂದೆ ಅಂದು ಬಂದಿದ್ದ.

ಹೇಮಶ್ರೀ ಅವನನ್ನು ಕೇಳಿದಳು, ಗದರಿಸಿದಳು. ಅವನು ಗೊತ್ತಿಲ್ಲ ಅಂತ ತಲೆ ಅಲ್ಲಾಡಿಸಿದ.

ಹನುಮಯ್ಯ ತಮ್ಮ ಫೋನ್ ತೆಗೆದರು. ಪ್ರತಿ ಗುರುವಾರ ಆ ಪೇಜಿನಲ್ಲಿ 'ಅಗಲಿದವರು' ಅಂತ ಒಂದು ಪಟ್ಟಿ ಬರುತ್ತದೆ. ರಾಜಾಜಿನಗರದಿಂದ ಕೆಂಗೇರಿಯ ತನಕ ಆ ವಾರ ಯಾರು ಹೋದರು, ತಿಥಿ ಯಾವತ್ತು, ಎಲ್ಲ ಇರುತ್ತದೆ. ವಯಸ್ಸಾದವರು ಪೇಪರಿಗಿಂತ ಮೊದಲು ಅದನ್ನು ನೋಡುತ್ತಾರೆ. ಇವತ್ತಿನ ಪಟ್ಟಿ ಏಳೂವರೆಗೆ ಬಂದಿತ್ತು, ಶಿವರಂಜನಿಯ ಹೆಸರಿನಲ್ಲೇ. ಅದನ್ನೆಲ್ಲ ಹಾಕುತ್ತಿದ್ದ ಅವಳ ಫೋನ್ ಎಲ್ಲಿದೆ ಅಂತ ಹುಡುಕಿದರೆ ದಿನಕ್ಕೊಂದು ಊರು ತೋರಿಸುತ್ತಿತ್ತು.

ಅವರು ಫೋನನ್ನು ಕೊಟ್ರೇಶನ ಊದಿದ ಕಣ್ಣಿನ ಹತ್ತಿರ ಹಿಡಿದರು.

"ಇದನ್ನ ಓದಪ್ಪ."

ಒಂದೇ ಕಣ್ಣಲ್ಲಿ ಅವನು ಓದಿದ. ವಿಭೂತಿ ಹಚ್ಚಿದ ಮೇಷ್ಟ್ರ ಫೋಟೊ. ಕೆಳಗೆ, ಪಂಚಾಕ್ಷರಿ ಮೇಷ್ಟ್ರ ವೈಕುಂಠ ಸಮಾರಾಧನೆ ಬರುವ ಭಾನುವಾರ, ಬಂಧುಮಿತ್ರರು ಬರಬೇಕು ಅಂತ ಇತ್ತು.

ಕೊಟ್ರೇಶ ಬಾಯಲ್ಲಿದ್ದ ರಕ್ತವನ್ನು ಹೊರಗೆ ಉಗಿದ.

"ಯಾವನ್ರೀ ಇದನ್ನ ಬರ್ದೋನು? ಮೇಷ್ಟ್ರಿಗೆ ಎಲ್ಲೀ ವೈಕುಂಠ? ನಮ್ಮ ಲಿಂಗಾಯತ್ರಾಗ ಶಿವಗಣಾರಾಧನಿ ಅಂತೀವ್ರೀ. ಅವರ ಮನಿಯವ್ರು ನೋಡಿದ್ರ ಎಷ್ಟು ನೊಂದ್ಕೊಂತಾರ."

ಅವನ ಎರಡು ಹಲ್ಲು ಹೋಗಿದ್ದವು, ಕೊಲೆಗಾರ ಅನ್ನಿಸಿಕೊಂಡಿದ್ದ. ಆ ಗಳಿಗೆಯಲ್ಲಿ ಅವನಿಗೆ ಕೋಪ ಬಂದದ್ದು ಮಾತ್ರ ಆ ಒಂದು ಪದಕ್ಕೆ.

ಹನುಮಯ್ಯ ಫೋನ್ ಜೇಬಿಗೆ ಹಾಕಿಕೊಂಡರು. ಅವನನ್ನು ಆಸ್ಪತ್ರೆಗೆ ಕಳಿಸಲು ಹೇಳಿದರು. ಶಿವರಂಜನಿಯ ತಲೆಯ ಮೇಲೆ ನಿಂತು ಬರೆಸುತ್ತಿರುವವನು ಇವನಲ್ಲ, ಇವನಾಗಿದ್ದರೆ ಆ ಪದ ಹೊರಗೆ ಬರಲು ಬಿಡುತ್ತಿರಲಿಲ್ಲ, ಅಂತ ಹೇಮಶ್ರೀಗೆ ಮೆಲ್ಲಗೆ ಹೇಳಿದರು.

ಹುಡುಗಿ ಗಾಬರಿಯಲ್ಲಿ ತಪ್ಪು ಬರೆದಿರಬಹುದಲ್ಲ ಅಂತ ಹೇಮಶ್ರೀ ಕೇಳಿದಳು.

"ಅದನ್ನ ಆಫೀಸಲ್ಲಿ ಕೇಳೋಣ ಮೇಡಂ" ಅಂದರು ಹನುಮಯ್ಯ.

ಆಫೀಸ್ ಇದ್ದದ್ದು ವಿಜಯನಗರದ ಸರ್ವಿಸ್ ರಸ್ತೆಯಲ್ಲಿ, ಒಂದು ದರ್ಶಿನಿಯ ಮೇಲೆ ಎರಡನೆಯ ಮಹಡಿ. ಹೋದಾಗ ಎಂಟು ಐವತ್ತು. ಕೆಲಸದವರಲ್ಲಿ ಸ್ಮೃತಿ ಒಬ್ಬಳೇ ಬಂದಿದ್ದಳು. ಯಜಮಾನ ಸುಧೀಂದ್ರ ಇವರನ್ನು ನೋಡಿ ಕೈಮುಗಿದು, ಪ್ಲಾಸ್ಕ್ ತೆಗೆದುಕೊಂಡು ಕಾಫಿ ತರಲು ತಾನೇ ಕೆಳಗೆ ಹೋದ. ಏಳು ದಿನದಿಂದ ಪೊಲೀಸರು ಬಂದಾಗಲೆಲ್ಲ ಅವನು ಹಾಗೇ ಮಾಡುತ್ತಿದ್ದ. ಮೊದಲ ದಿನ ಶಿವರಂಜನಿಯ ತಾಯಿ ಜಗದಾಂಬಾ ಅವರ ಕಾಲ ಹತ್ತಿರ ಕೂತು ಅತ್ತೂ ಇದ್ದ.

ಈ ಕೆಲಸ ಅಂದರೆ ಏನು ಅಂತ ಹನುಮಯ್ಯ ಸ್ಮೃತಿಯನ್ನು ಕೇಳಿದರು. ಏಳು ದಿನದಿಂದ ಪೇಜು, ಪೋಸ್ಟು ಅಂತ ಕೇಳುತ್ತಿದ್ದರೂ ಪೂರ್ತಿ ತಿಳಿದಿರಲಿಲ್ಲ.

ಸ್ಮೃತಿ ಹೇಳಿದ್ದು ಇಷ್ಟು. ಐದು ವರ್ಷದ ಹಿಂದೆ ಶಿವರಂಜನಿ ಸೇರಿದಾಗ ಸಂಕ್ರಾಂತಿಗೆ ಎಳ್ಳುಬೆಲ್ಲದ ಚಿತ್ರ, ದೀಪಾವಳಿಗೆ ದೀಪದ ಚಿತ್ರ ಹಾಕುವುದಷ್ಟೇ ಕೆಲಸ. ಆಮೇಲೆ ಕೆಳಗೆ ಬರೆಯುವವರಿಗೆ ಉತ್ತರ ಕೊಡಬೇಕಾಯಿತು. ಆಮೇಲೆ ಜನ ನೀರು ಬಂದಿಲ್ಲ, ಸರ ಕಿತ್ಕೊಂಡು ಹೋದರು, ಮಗಳು ಮನೆಗೆ ಬಂದಿಲ್ಲ ಅಂತ ಸ್ಟೇಷನ್ನಿಗೆ ಹೋಗುವ ಮೊದಲೇ ಇಲ್ಲಿಗೆ ಬರೆಯತೊಡಗಿದರು. ಆಮೇಲೆ ಅವಳೇ ಕ್ಯಾಮೆರಾ ಮುಂದೆ ನಿಂತು ಮಾತಾಡಬೇಕಾಯಿತು. ಹೋದ ವರ್ಷ ಸುಧೀಂದ್ರ ಒಂದು ಮೆಷಿನ್ ತಂದ. ಶಿವರಂಜನಿ ಐದು ವರ್ಷ ಬರೆದದ್ದನ್ನೆಲ್ಲ, ಮಾತಾಡಿದ್ದನ್ನೆಲ್ಲ ಅದಕ್ಕೆ ಕೊಟ್ಟರು. ಈಗ ಅದು ಅವಳ ಹಾಗೇ ಬರೆಯುತ್ತದೆ, ಅವಳ ದನಿಯಲ್ಲೇ ಮಾತಾಡುತ್ತದೆ. ಅದು ಬರೆದದ್ದು ಸರಿಯೋ ತಪ್ಪೋ ನೋಡುವುದು ಅವಳ ಕೆಲಸ. 'ಅಗಲಿದವರು' ಪಟ್ಟಿಯನ್ನು ಮಾತ್ರ ಅವಳು ಯಾರಿಗೂ ಬಿಟ್ಟಿರಲಿಲ್ಲ, ಸ್ವಂತ ಕೈಯಲ್ಲೇ ಬರೆಯುತ್ತಿದ್ದಳು.

ಹನುಮಯ್ಯ ಇವತ್ತಿನ ಪಟ್ಟಿ ತೋರಿಸಿದರು. ಇದು ಗಾಬರಿಯ ತಪ್ಪಾ, ಮೆಷಿನ್ ಮಾಡಿದ ತಪ್ಪಾ ಅಂತ ಕೇಳಿದರು.

ಸ್ಮೃತಿ ಫೋನ್ ತೆಗೆದುಕೊಂಡು ಓದಿದಳು.

"ಮೆಷಿನ್ ಆಗಿದ್ರೆ ಸರಿಯಾಗಿ ಬರೀತಿತ್ತು ಅಂಕಲ್" ಅಂದಳು. "ಯಾರ ಮನೆಗೆ ಯಾವ ಪದ ಅಂತ ಶಿವು ಅದಕ್ಕೆ ಕಲಿಸಿದಾಳೆ. ಸತ್ತೋರ ವಿಷಯದಲ್ಲಿ ಒಂದಕ್ಷರ ತಪ್ಪಿದ್ರೂ ನಂಗೆ ಬೈತಿದ್ಲು. ಅವಳದ್ದೇ ಲಿಂಗಾಯತ್ರ ಮನೆ. ಇದು ತಪ್ಪಲ್ಲ. ಬೇಕು ಅಂತ ಮಾಡಿರೋದು."

ತಪ್ಪು ಬರೆದರೆ ಜನ ನೂರಾರು ಕಾಮೆಂಟ್ ಹಾಕಿ ಬೈಯುತ್ತಾರೆ, ಬೈದರೆ ಆ ಪದ ಎಲ್ಲರ ಕಣ್ಣಿಗೂ ಬೀಳುತ್ತದೆ. ಅದು ಅವಳಿಗೆ ಗೊತ್ತಿದ್ದ ಕೆಲಸ. ಆಗಲೇ ನಾನೂರು ಜನ ಬೈದಿದ್ದರು. ಅವರಲ್ಲಿ ಮೇಷ್ಟ್ರ ಹೆಂಡತಿಯ ತಮ್ಮನೂ ಇದ್ದ, ನಾವು ಇಂಥ ಸುದ್ದಿ ಕೊಟ್ಟೇ ಇಲ್ಲ ಅಂತ ಬರೆದಿದ್ದ.

ಹಾಗಾದರೆ ವೈಕುಂಠ ಅಂತ ಅವಳು ಯಾರಿಗೆ, ಏನನ್ನು ಹೇಳುತ್ತಿದ್ದಾಳೆ.

ಹನುಮಯ್ಯ ಕೋಣೆಯನ್ನು ನೋಡುತ್ತ ಕೂತರು. ಮೂಲೆಯಲ್ಲಿ ವಿಡಿಯೋ ಮಾಡಲು ದುಂಡನೆಯ ದೀಪ, ಅದಕ್ಕೆ ಆಳೆತ್ತರದ ಕಬ್ಬಿಣದ ಸ್ಟ್ಯಾಂಡು. ಗೋಡೆಯ ಮೇಲೆ ದೇವರ ಪಟ. ಅದರ ಪಕ್ಕ ಗಂಧದ ಹಾರ ಹಾಕಿದ ಒಬ್ಬ ಮುದುಕರ ಫೋಟೊ, ಕರಿ ಟೋಪಿ, ಕಿವಿಯಲ್ಲಿ ಒಂಟಿ ಹರಳು. ಏಳು ದಿನದಿಂದ ಆ ಮುಖ ಅವರನ್ನು ಕಾಡುತ್ತಿತ್ತು. ಎಲ್ಲೋ ನೋಡಿದ್ದೇನೆ ಅನ್ನಿಸುತ್ತಿತ್ತು, ಎಲ್ಲಿ ಅಂತ ಬರುತ್ತಿರಲಿಲ್ಲ.

ಅವರು ಅವಸರ ಮಾಡಲಿಲ್ಲ. ನೆನಪು ಅವಸರ ಮಾಡಿದರೆ ಬರುವುದಿಲ್ಲ ಅಂತ ಅವರಿಗೆ ಗೊತ್ತು. ಹೇಮಶ್ರೀ ಗಡಿಯಾರ ನೋಡಿದಳು. ಒಂಬತ್ತು ದಾಟಿತ್ತು.

ಆ ಮುಖ ಬಗ್ಗಿತ್ತು. ಹೌದು, ತಮ್ಮ ಎಲೆಯ ಮೇಲೆ ಬಗ್ಗಿತ್ತು. ಕೈಯಲ್ಲಿ ಪಾಯಸದ ಸೌಟು. ಬಿನ್ನಿಪೇಟೆಯಲ್ಲಿ ಬಟ್ಟೆ ಮಿಲ್ಲಿನ ಮುಂದೆ ಬಂದೋಬಸ್ತಿಗೆ ಹಾಕಿದ್ದ ಕಾಲ, ಹನುಮಯ್ಯನಿಗೆ ಆಗ ಮೂವತ್ತೂ ಆಗಿರಲಿಲ್ಲ. ಮೂರು ದಿನ ಬಿಸಿಲಲ್ಲಿ ನಿಂತ ಕಾನ್‌ಸ್ಟೇಬಲುಗಳಿಗೆ ಯಾರೂ ಊಟ ತಂದುಕೊಡಲಿಲ್ಲ. ಮಿಲ್ಲಿನ ಗೋಡೆಯ ಹಿಂದೆ ಒಂದು ಭವನ, ಸತ್ತವರ ಹನ್ನೆರಡು ಹದಿಮೂರರ ಊಟ ನಡೆಯುವ ಜಾಗ. ಅದರ ಯಜಮಾನರು ಗೇಟಿನಿಂದ ಇವರನ್ನು ಕರೆದು ಪಂಕ್ತಿಯಲ್ಲಿ ಕೂರಿಸಿ ತಾವೇ ಬಡಿಸಿದರು. ಆ ಬೀದಿಯವರು ಅದನ್ನು ಭವನ ಅನ್ನುತ್ತಿರಲಿಲ್ಲ. ಇವತ್ತು ವೈಕುಂಠದಲ್ಲಿ ಊಟ ಅಂತ ನಗುತ್ತಿದ್ದರು.

ಸುಧೀಂದ್ರ ಪ್ಲಾಸ್ಕ್ ಹಿಡಿದು ಒಳಗೆ ಬಂದ. ಮೂವತ್ತೆಂಟರ ವಯಸ್ಸು, ಇಸ್ತ್ರಿ ಅಂಗಿ, ತಗ್ಗಿದ ದನಿ. ಲೋಟಗಳಿಗೆ ಕಾಫಿ ಸುರಿಯತೊಡಗಿದ.

ಇವತ್ತಿನ ಪಟ್ಟಿ ನೋಡಿದಿರಾ ಅಂತ ಹನುಮಯ್ಯ ಕೇಳಿದರು. ನೋಡಿದೆ, ಶಿವು ಹೆಸರಲ್ಲೇ ಬಂದಿದೆ, ಅಂದರೆ ಬದುಕಿದ್ದಾಳೆ ಅಂತ ಸಮಾಧಾನ ಆಯಿತು ಅಂದ. ಅದರಲ್ಲಿ ತಪ್ಪೇನಾದರೂ ಇದೆಯಾ ನೋಡಿ ಅಂತ ಹನುಮಯ್ಯ ಫೋನ್ ಕೊಟ್ಟರು. ಅವನು ಎರಡು ಸಲ ಓದಿದ.

"ಹೆಸರು ಸರಿ ಇದೆ, ವಾರ ಸರಿ ಇದೆ. ಏನೂ ತಪ್ಪಿಲ್ವಲ್ಲ ಸಾರ್."

"ವೈಕುಂಠ?"

"ಎಲ್ಲರ ಮನೇಲೂ ಅದೇ ತಾನೇ ಮಾಡೋದು?"

ಅದೊಂದರಿಂದ ಯಾರನ್ನೂ ಹಿಡಿಯಲು ಆಗುವುದಿಲ್ಲ. ಈ ಕಡೆಯ ಅರ್ಧ ಜನ ಹಾಗೇ ಅನ್ನುತ್ತಾರೆ. ಹನುಮಯ್ಯನವರ ಮನೆಯಲ್ಲೂ ಅದೇ ಮಾತು.

"ಆ ಫೋಟೋದಲ್ಲಿರೋರು ನಿಮಗೇನಾಗ್ಬೇಕು?"

"ತಾತ. ಅಮ್ಮನ ತಂದೆ. ಯಾಕೆ ಸಾರ್?"

"ಬಿನ್ನಿಪೇಟೆಯಲ್ಲಿ ನನಗೆ ಊಟ ಹಾಕಿದಾರೆ. ಪುಣ್ಯಾತ್ಮರು. ಆ ಜಾಗಕ್ಕೂ ವೈಕುಂಠ ಅಂತಿದ್ರು. ಈಗ ಅದರ ಬೀಗದ ಕೈ ಯಾರ ಹತ್ರ ಇದೆ ಸುಧೀಂದ್ರ?"

ಕಾಫಿ ಲೋಟ ತುಂಬಿ ಮೇಜಿನ ಮೇಲೆ ಹರಿಯಿತು. ಅವನು ಪ್ಲಾಸ್ಕ್ ಎತ್ತಲಿಲ್ಲ.

ಮರುಗಳಿಗೆ ಆ ಬಿಸಿ ಕಾಫಿಯನ್ನೆಲ್ಲ ಹೇಮಶ್ರೀಯ ಮುಖಕ್ಕೆ ಎರಚಿದ. ಅವಳು ಕಣ್ಣು ಮುಚ್ಚಿಕೊಂಡು ಹಿಂದಕ್ಕೆ ಬಿದ್ದಳು. ದೀಪದ ಸ್ಟ್ಯಾಂಡನ್ನು ಕಿತ್ತು ಹನುಮಯ್ಯನ ತಲೆಗೆ ಬೀಸಿದ. ಅವರು ಸರಿಯಲು ಹೋದರು, ಏಟು ಹೆಗಲಿಗೆ ಬಿತ್ತು. ಕತ್ತಿನ ಕೆಳಗಿನ ಮೂಳೆ ಮುರಿದದ್ದು ಅವರಿಗೇ ಕೇಳಿಸಿತು. ಎರಡನೆಯ ಸಲ ಎತ್ತಿದಾಗ ಅವರು ಕೂತಲ್ಲಿಂದಲೇ ಮೇಜನ್ನು ಕಾಲಿನಿಂದ ಒದ್ದರು. ಅದರ ಅಂಚು ಅವನ ಮಂಡಿಗೆ ತಗುಲಿ ಅವನು ಮುಗ್ಗರಿಸಿದ.

ಅಷ್ಟರಲ್ಲಿ ಹೇಮಶ್ರೀ ಎದ್ದಿದ್ದಳು. ಒಂದು ಕೆನ್ನೆ ಕೆಂಪಗೆ ಬೆಂದಿತ್ತು. ಅವನ ಕಾಲರ್ ಹಿಡಿದು ಗಾಜಿನ ಬಾಗಿಲಿಗೆ ಹೊಡೆದಳು. ಗಾಜು ಒಡೆದು ಇಬ್ಬರೂ ಅದರ ಮೇಲೇ ಬಿದ್ದರು. ಅವನು ಒಂದು ಚೂರು ಎತ್ತಿಕೊಂಡು ಅವಳ ತೋಳಿಗೆ ಚುಚ್ಚಿದ. ಅವಳು ಆ ಕೈಯನ್ನು ಬೆನ್ನ ಹಿಂದೆ ತಿರುಚಿ, ಮಂಡಿ ಊರಿ, ಮುರಿಯುವ ತನಕ ಒತ್ತಿದಳು. ಆಮೇಲೆ ಅವನು ಚೀರಿದ.

ಸ್ಮೃತಿ ಕುರ್ಚಿಯ ಹಿಂದೆ ಕೂತು ಎರಡೂ ಕಿವಿ ಮುಚ್ಚಿಕೊಂಡಿದ್ದಳು.

ಕೆಳಗಿದ್ದ ಕಾನ್‌ಸ್ಟೇಬಲ್ ರೇವಣಸಿದ್ದ ಓಡಿ ಬಂದು ಕೋಳ ಹಾಕಿದ. ನೆಲದ ಮೇಲೆ ಮುಖ ಒತ್ತಿಕೊಂಡು ಬಿದ್ದಿದ್ದ ಸುಧೀಂದ್ರ ಗಡಿಯಾರದ ಕಡೆ ಕಣ್ಣು ಹೊರಳಿಸಿದ. ಒಂಬತ್ತು ಇಪ್ಪತ್ತು. ಅವನ ದನಿ ಮತ್ತೆ ತಗ್ಗಿತು.

"ನಾನೊಬ್ನೇ ಅನ್ಕೊಂಡ್ರಾ ಮೇಡಂ? ಮೂಟೆ ಎಸೆದಿದ್ದು ನಾನಲ್ಲ. ಮೇಷ್ಟ್ರಿಗೆ ಹೊಡೆದಿದ್ದೂ ನಾನಲ್ಲ, ಮುತ್ತುರಾಜ. ನಂಗೆ ಆ ವಿಡಿಯೋ ಅಳಿಸೋದಷ್ಟೇ ಕೆಲಸ ಕೊಟ್ಟಿದ್ದು. ಪೇಜು ನಮ್ಮ ಕೈಗೆ ಬಂದ್ರೆ ಅದರಲ್ಲಿರೋದನ್ನ ಅಳಿಸಬಹುದು. ಅವಳು ಇನ್ನೊಂದು ಕಾಪಿ ಎಲ್ಲಿಟ್ಟಿದಾಳೆ ಅಂತ ಏಳು ದಿನದಿಂದ ಬಾಯಿ ಬಿಟ್ಟಿಲ್ಲ."

ಕೆಲಸ ಕೊಟ್ಟದ್ದು ಯಾರು ಅಂತ ಹೇಮಶ್ರೀ ಕೇಳಿದಳು. ಅದಕ್ಕೆ ಅವನು ತುಟಿ ಕಚ್ಚಿಕೊಂಡ. ಮುರಿದ ಕೈಯನ್ನು ರೇವಣಸಿದ್ದ ಸ್ವಲ್ಪ ಎಳೆದರೂ ಆ ಹೆಸರು ಬರಲಿಲ್ಲ. ಪೊಲೀಸರಿಗಿಂತ ಆ ಹೆಸರಿಗೆ ಅವನು ಹೆಚ್ಚು ಹೆದರುತ್ತಿದ್ದ.

ಕಾಯಲು ಹೊತ್ತಿರಲಿಲ್ಲ. ರೇವಣಸಿದ್ದನನ್ನು ಸುಧೀಂದ್ರನ ಕಾವಲಿಗೆ ಬಿಟ್ಟರು. ಸ್ಟೇಷನ್ನಿನ ಮಂದಿಯೆಲ್ಲ ಮೂಡಲಪಾಳ್ಯದ ಗಲಾಟೆಯಲ್ಲಿ ಸಿಕ್ಕಿಕೊಂಡಿದ್ದರು. ಬಸವೇಶ್ವರನಗರದಲ್ಲಿ ಜಗದಾಂಬಾ ಅವರ ಮನೆಯ ಮುಂದೆ ದೇವೇಂದ್ರಪ್ಪ ಅನ್ನುವ ಕಾನ್‌ಸ್ಟೇಬಲ್ ಕಾವಲಿದ್ದ, ಗಟ್ಟಿ ಆಳು. 'ಬೈಕಿನಲ್ಲಿ ನೇರ ಬಿನ್ನಿಪೇಟೆಗೆ ಬಾ' ಅಂತ ಹೇಮಶ್ರೀ ಅವನಿಗೆ ಹೇಳಿದಳು.

ಹನುಮಯ್ಯ ಹೆಗಲಿಗೆ ಸ್ಮೃತಿಯ ದುಪಟ್ಟಾ ಕಟ್ಟಿಸಿಕೊಂಡರು. ಆಸ್ಪತ್ರೆಗೆ ಹೋಗಿ ಅಂದರೆ ಕೇಳಲಿಲ್ಲ. ಜಾಗ ಗೊತ್ತಿರುವುದು ತಮಗೊಬ್ಬರಿಗೇ ಅಂದರು.

ಮಾಗಡಿ ರಸ್ತೆಯ ಟೋಲ್‌ಗೇಟ್ ಹತ್ತಿರ ವಾಹನಗಳು ನಿಂತುಬಿಟ್ಟಿದ್ದವು. ಜೀಪು ಫುಟ್‌ಪಾತಿನ ಮೇಲೆ ಹತ್ತಿ ಎರಡು ತಳ್ಳುಗಾಡಿ ಕೆಡವಿಕೊಂಡು ಹೋಯಿತು. ಬಿನ್ನಿಪೇಟೆಯಲ್ಲಿ ಹನುಮಯ್ಯನಿಗೆ ಗೊತ್ತಿದ್ದದ್ದು ಏನೂ ಉಳಿದಿರಲಿಲ್ಲ. ಮಿಲ್ಲಿನ ಜಾಗದಲ್ಲಿ ಆಕಾಶದ ತನಕ ಫ್ಲ್ಯಾಟುಗಳು. ಅವರು ಕಟ್ಟಡಗಳನ್ನು ನೋಡಲಿಲ್ಲ. ರಸ್ತೆ ತಿರುಗುವ ರೀತಿ ನೋಡುತ್ತ ಕೂತರು. ಎರಡು ಸಲ ತಪ್ಪಿ, ಮೂರನೆಯ ಸಲ ಕೈ ತೋರಿಸಿದರು. ಎರಡು ಗೋದಾಮುಗಳ ನಡುವೆ ಒಂದು ಹಳೆಯ ಕಮಾನು. ಅದರ ಮೇಲಿನ ಗಾರೆಯ ಅಕ್ಷರಗಳಲ್ಲಿ ಒಂದು 'ವೈ' ಮಾತ್ರ ನಿಂತಿತ್ತು.

ಒಂಬತ್ತು ನಲವತ್ತಮೂರು.

ಬಿನ್ನಿಪೇಟೆಯ ಮುಖ್ಯ ರಸ್ತೆಯಲ್ಲಿ ಕಾಯುತ್ತಿದ್ದ ದೇವೇಂದ್ರಪ್ಪ ಜೀಪಿನ ಹಿಂದೆಯೇ ಬೈಕಿನಲ್ಲಿ ಬಂದಿದ್ದ. ಬಾಗಿಲಿಗೆ ಮೂವರೂ ಭುಜ ಕೊಡಲು ಆಗಲಿಲ್ಲ. ಇಬ್ಬರು ಕೊಟ್ಟರು. ಮೂರನೆಯ ಗುದ್ದಿಗೆ ಬಾಗಿಲು ಒಳಗೆ ಬಿತ್ತು.

ಒಳಗೆ ಅಂಗಳ, ಒಣಗಿದ ಬಾವಿ. ಕಂಬದ ಹಿಂದಿನಿಂದ ಒಬ್ಬ ಲಾಂಗು ಎತ್ತಿಕೊಂಡು ಬಂದ. ಮಾತಿಲ್ಲ, ಬೈಗುಳವಿಲ್ಲ. ಮೊದಲ ಬೀಸಿಗೆ ದೇವೇಂದ್ರಪ್ಪನ ಮುಂಗೈ ಮೂಳೆಯ ತನಕ ಸೀಳಿತು. ಎರಡನೆಯದು ಹೇಮಶ್ರೀಯ ಕತ್ತಿಗೆ ಬರುತ್ತಿತ್ತು. ಅವಳು ಎರಡು ಗುಂಡು ಹಾರಿಸಿದಳು. ಒಂದು ಕಂಬಕ್ಕೆ, ಒಂದು ಅವನ ತೊಡೆಗೆ. ಅವನು ಬಿದ್ದ ಮೇಲೂ ಲಾಂಗು ಬಿಡಲಿಲ್ಲ, ತೆವಳಿಕೊಂಡು ಅವಳ ಕಾಲಿಗೆ ಬೀಸಿದ. ಹನುಮಯ್ಯ ಅವನ ಕೈಯ ಮೇಲೆ ಚಪ್ಪಲಿ ಕಾಲಿಟ್ಟು ಪೂರ್ತಿ ಭಾರ ಹಾಕಿದರು. ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು.

ಅವನು ಮುತ್ತುರಾಜ ಅಲ್ಲ. ಮುತ್ತುರಾಜನ ಫೋಟೊ ಹೇಮಶ್ರೀಯ ಫೈಲಿನಲ್ಲಿ ಮೂರು ವರ್ಷದಿಂದ ಇತ್ತು. ಇವನು ಬೇರೆ.

ಅಡಿಗೆಮನೆಯ ಪಕ್ಕ ಉಗ್ರಾಣ. ಒಳಗೆ ಆಳು ಕೂರುವಷ್ಟು ದೊಡ್ಡ ಹಂಡೆಗಳು, ಕೊಳಗಗಳು, ಪರಾತಗಳು. ಒಂದೊಂದರ ಅಂಚಿನ ಮೇಲೂ ಚುಕ್ಕಿ ಚುಕ್ಕಿಯಾಗಿ 'ವೈಕುಂಠ' ಅಂತ ಹೆಸರು ಕೊರೆಸಿತ್ತು. ನೆಲಕ್ಕೆ ಹೂತಿದ್ದ ರುಬ್ಬುವ ಕಲ್ಲಿಗೆ ಶಿವರಂಜನಿಯನ್ನು ಸರಪಳಿಯಲ್ಲಿ ಕಟ್ಟಿದ್ದರು. ಏಳು ದಿನ ಅವಳ ಕಣ್ಣೆದುರಿಗೆ ಇದ್ದ ಅಕ್ಷರ ಅದೊಂದೇ.

ಅವಳ ಮುಖಕ್ಕೆ ಒಂದೂ ಏಟು ಬಿದ್ದಿರಲಿಲ್ಲ. ದಿನಕ್ಕೊಮ್ಮೆ ಫೋನಿಗೆ ತೋರಿಸಲು ಮುಖ ಬೇಕಿತ್ತು. ಬಲಗೈಯನ್ನೂ ಮುಟ್ಟಿರಲಿಲ್ಲ. ಟೈಪ್ ಮಾಡಲು ಅದು ಬೇಕಿತ್ತು. ಎಡಗೈಯ ನಾಲ್ಕು ಬೆರಳೂ ಮುರಿದು ಕಪ್ಪಗಾಗಿದ್ದವು. ಪಾದದ ಅಡಿಯ ಚರ್ಮ ಸುಲಿದಿತ್ತು. ಬೆನ್ನಿಗೆ ಅಂಟಿದ ಬಟ್ಟೆಯನ್ನು ಬಿಡಿಸಲು ಹೇಮಶ್ರೀಗೆ ಧೈರ್ಯ ಬರಲಿಲ್ಲ.

ಉಸಿರಿತ್ತು. ಕಣ್ಣು ಬಿಟ್ಟಳು.

ದೇವೇಂದ್ರಪ್ಪ ಒಂದು ಕೈಯಲ್ಲಿ ಇನ್ನೊಂದು ಕೈಯ ರಕ್ತ ಒತ್ತಿ ಹಿಡಿದುಕೊಂಡು ಗೋಡೆಗೆ ಒರಗಿದ. ಹನುಮಯ್ಯ ಪಕ್ಕದಲ್ಲಿ ಕೂತು ಹುಡುಗಿಯ ತುಟಿಗೆ ನೀರು ಹನಿಸಿದರು. ಒಂಬತ್ತು ಐವತ್ತೊಂದು. ಇನ್ನು ಒಂಬತ್ತು ನಿಮಿಷ ಇತ್ತು, ಹುಡುಗಿ ಸಿಕ್ಕಿದ್ದಳು. ಹೇಮಶ್ರೀ ಆಂಬ್ಯುಲೆನ್ಸಿಗೆ ಫೋನ್ ಮಾಡಿ ಮುಗಿಸಿದಳು.

ಎಲ್ಲ ಮುಗೀತು, ಇನ್ನು ಯಾರೂ ಮುಟ್ಟಲ್ಲ ಅಂತ ಹನುಮಯ್ಯ ಅವಳಿಗೆ ಹೇಳಿದರು. ಶಿವರಂಜನಿ ತಲೆ ಅಲ್ಲಾಡಿಸುತ್ತಿದ್ದಳು. ಬಲಗೈಯಿಂದ ಅವರ ಅಂಗಿ ಹಿಡಿದು ಹತ್ತಿರ ಎಳೆದಳು. ದನಿ ಹೊರಡುತ್ತಿರಲಿಲ್ಲ, ಬರೀ ಗಾಳಿ.

"ಆರು ದಿನ ಹೇಳ್ಲಿಲ್ಲ" ಅಂದಳು. "ಇವತ್ತು ಬೆಳಗ್ಗೆ ತಡ್ಕೊಳ್ಳೋಕಾಗ್ಲಿಲ್ಲ. ಪಟ್ಟಿ ಹಾಕಿದ ಮೇಲೆ ಬೆನ್ನಿಗೆ ಬಿಸಿನೀರು ಸುರಿದ. ಹೇಳ್ಬಿಟ್ಟೆ."

"ಏನು ಹೇಳಿದ್ಯಮ್ಮ?"

"ವಿಡಿಯೋ ಎಲ್ಲಿದೆ ಅಂತ. ಅಮ್ಮನ ಫೋನಲ್ಲಿದೆ. ಅಮ್ಮನಿಗೇ ಗೊತ್ತಿಲ್ಲ. ಮುತ್ತುರಾಜ ಆಗ್ಲೇ ಹೊರಟ."

ಹೇಮಶ್ರೀ ದೇವೇಂದ್ರಪ್ಪನನ್ನು ನೋಡಿದಳು. ಅವನು ತನ್ನ ಕೈಯನ್ನು ನೋಡಿಕೊಂಡ. ಬಸವೇಶ್ವರನಗರದ ಆ ಮನೆಯ ಮುಂದೆ ಈಗ ಯಾರೂ ಇರಲಿಲ್ಲ.

ಅವಳು ಜಗದಾಂಬಾ ಅವರ ನಂಬರ್ ಹುಡುಕುತ್ತಿರುವಾಗ ಆ ನಂಬರಿನಿಂದಲೇ ಕರೆ ಬಂತು. ಹೇಮಶ್ರೀ ಸ್ಪೀಕರಿಗೆ ಹಾಕಿದಳು.

ಜಗದಾಂಬಾ ಅವರ ದನಿಯಲ್ಲಿ ಏಳು ದಿನದಿಂದ ಇಲ್ಲದ ಗೆಲುವಿತ್ತು.

"ಮೇಡಂ, ನಮ್ಮ ಶಿವು ಫೋನ್ ಮಾಡಿದ್ಲು. ಅವಳದ್ದೇ ದನಿ ಕಣ್ರಿ, ಅಮ್ಮಾ ಅಂತ ಅತ್ಲು. ಕೆಳಗೆ ಕಾರಲ್ಲಿ ಕೂತಿದಾಳಂತೆ, ಮೆಟ್ಲು ಹತ್ತೋಕೆ ಆಗ್ತಿಲ್ಲವಂತೆ. ಫೋನ್ ತಗೊಂಡು ನೀನೇ ಇಳಿದು ಬಾ ಅಂದ್ಲು. ಇಳೀತಾ ಇದೀನಿ. ನಿಮಗೊಂದು ಮಾತು ಹೇಳೋಣ ಅಂತ ಮಾಡಿದೆ."

ರುಬ್ಬುವ ಕಲ್ಲಿಗೆ ಒರಗಿದ್ದ ಶಿವರಂಜನಿ ಕೂಗಲು ಬಾಯಿ ತೆರೆದಳು. ಸದ್ದು ಬರಲಿಲ್ಲ.

"ಇಳೀಬೇಡಿ ಅಮ್ಮಾ" ಅಂದಳು ಹೇಮಶ್ರೀ. "ನಿಮ್ಮ ಮಗಳು ಇಲ್ಲಿ ನನ್ನ ಹತ್ರ ಇದಾಳೆ. ಅದು ಅವಳಲ್ಲ. ಒಳಗೆ ಹೋಗಿ ಬಾಗಿಲು ಹಾಕ್ಕೊಳ್ಳಿ."

ಆ ಕಡೆಯಿಂದ ಕೇಳಿಸಿದ್ದು ಇಷ್ಟೇ. ಚಪ್ಪಲಿಯ ಸದ್ದು, ಗೇಟಿನ ಚಿಲಕ ತೆಗೆದ ಸದ್ದು. ಮಗಳನ್ನು ನೋಡುವ ಆತುರದಲ್ಲಿ ಆಕೆ ಫೋನನ್ನು ಕಿವಿಯಿಂದ ಇಳಿಸಿಬಿಟ್ಟಿದ್ದರು.

ಆಮೇಲೆ ಒಬ್ಬ ಗಂಡಸಿನ ದನಿ, ಬಹಳ ಮರ್ಯಾದೆಯಿಂದ ಮಾತಾಡುವ ದನಿ, ದೂರದಿಂದ ಕೇಳಿಸಿತು.

"ಬನ್ನಿ ಆಂಟಿ, ನಿಧಾನ. ಆ ಫೋನ್ ಇಲ್ಲಿ ಕೊಡಿ, ನಾನು ಹಿಡ್ಕೊತೀನಿ."

ಕಾರಿನ ಬಾಗಿಲು ಮುಚ್ಚಿತು.